ನಲವತ್ತೊಂದು ಹಲ್ಲು

ನನಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆ ನೀವು ಕೆ.ಬಿ. ಬಡಾವಣೆಯಲ್ಲಿ ಎದುರು ಸಿಕ್ಕು ನಕ್ಕಾಗ ನಾನು ಗೋಡೆ ನೋಡಿದಂತೆ ನೋಡಿಕೊಂಡು ಹೋದರೆ, ಇವನಿಗೆ ಸೊಕ್ಕು ಅಂತ ತಿಳಿಯಬೇಡಿ. ಮದುವೆಯಾದ ವಾರದಲ್ಲೇ ಮನೆ ಬಾಗಿಲಿಗೆ ಬಂದ ನನ್ನ ಮಾವನವರನ್ನೇ "ಯಾರು ಬೇಕಾಗಿತ್ರಿ?" ಅಂತ ಕೇಳಿದವನು ನಾನು. ಆ ಮಾತನ್ನು ನನ್ನ ಹೆಂಡತಿ ಇವತ್ತಿಗೂ ಊಟದ ಜೊತೆ ಉಪ್ಪಿನಕಾಯಿಯಂತೆ ತಪ್ಪದೆ ಬಡಿಸುತ್ತಾಳೆ. ಆದರೆ ಲಾರಿ ವಿಷಯದಲ್ಲಿ ನಾನು ಹಾಗಲ್ಲ. ನೀವು ಹೆದ್ದಾರಿಯಲ್ಲಿ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡು ಹಾರನ್ ಬಾರಿಸುತ್ತ ಕೂತಾಗ, ಎರಡು ಗಾಲಿಗಳ ನಡುವೆ ಕೆಳಗೆ ಜೋತುಬಿದ್ದ ಕಬ್ಬಿಣದ ಗುಡಾಣದಂಥ ಹೊಟ್ಟೆಯೊಂದು ಕಾಣುತ್ತದಲ್ಲ, ಅದನ್ನು ನೋಡಿದರೆ ಸಾಕು, ಒಳಗೆ ಏನಿದೆ, ಎಷ್ಟು ಹಲ್ಲಿನದು, ಘಾಟಿಗೆ ಆಗುತ್ತದೋ ಬಯಲಿಗೆ ಆಗುತ್ತದೋ ಅಂತ ಹೇಳಬಲ್ಲೆ. ಪುಸ್ತಕದವರು ಅದಕ್ಕೆ ಡಿಫರೆನ್ಷಿಯಲ್ ಅನ್ನುತ್ತಾರೆ. ನಮ್ಮ ಹಳೇ ಸಾಮಾನಿನ ಸಂತೆಯಲ್ಲಿ ಹೊರಗಿನ ಹೊಟ್ಟೆಗೆ ಹೌಸಿಂಗ್, ಒಳಗಿನ ದೊಡ್ಡ ಹಲ್ಲಿನ ಚಕ್ರಕ್ಕೆ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದಕ್ಕೆ ಪಿನಿಯನ್. ಹೆಸರೇನೋ ಕಿರೀಟದ್ದು, ಆದರೆ ಇರೋದು ಲಾರಿಯ ಹೊಟ್ಟೆಯ ಕೆಳಗೆ, ಕರೀ ಎಣ್ಣೆಯೊಳಗೆ.

ದಾವಣಗೆರೆಯಲ್ಲಿ ನನ್ನದು ಹಳೇ ಲಾರಿ ಸಾಮಾನಿನ ಅಂಗಡಿ. ಮೊದಲೆಲ್ಲ ಹೊಸ ಸಾಮಾನೂ ಇಡುತ್ತಿದ್ದೆ, ಈಗ ಬರೀ ಹಳೇದು. ಅಂದರೆ ಸ್ವಲ್ಪ ಬಿಡಿಸಿ ಹೇಳಬೇಕೆಂದರೆ, ಸತ್ತ ಲಾರಿಗಳ ಅಂಗಾಂಗ ಮಾರುವವನು ನಾನು. ಒಂದರ ಗೇರ್‌ಬಾಕ್ಸ್, ಇನ್ನೊಂದರ ಅಚ್ಚು, ಮತ್ತೊಂದರ ಕ್ರೌನ್. ಬದುಕಿರುವ ಲಾರಿಯವರು ಬಂದು, ಮೂಸಿ, ತಟ್ಟಿ, ಚೌಕಾಸಿ ಮಾಡಿ ಒಯ್ಯುತ್ತಾರೆ. ಎಲ್ಲಿ ಉರುಳಿದ ಲಾರಿಯೋ, ಒಳಗಿದ್ದವನು ಏನಾದನೋ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ. ಕೇಳುತ್ತ ಕೂತರೆ ಅಂಗಡಿ ಬಾಗಿಲು ಹಾಕಿಕೊಂಡು ಊದುಬತ್ತಿ ಹಚ್ಚಿ ಕೂರಬೇಕಾಗುತ್ತದೆ, ಅಷ್ಟೇ.

ಗುರುತು ಅನ್ನುವುದೇ ಒಂದು ವಿಚಿತ್ರ ಸಂಗತಿ ನೋಡಿ. ನನ್ನ ಶಾಲೆಯ ಟಿ.ಸಿ.ಯಲ್ಲಿ 'ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ' ಅಂತ ಬರೆದಿದೆ. ನನ್ನ ಎಡಗೆನ್ನೆಯ ಮೇಲೆ ಮಚ್ಚೆಯೂ ಇಲ್ಲ, ಮಣ್ಣೂ ಇಲ್ಲ. ಮಾಯಕೊಂಡದ ನಮ್ಮ ಮೇಷ್ಟ್ರು ಅವತ್ತು ಅವಸರದಲ್ಲಿದ್ದರು, ನನ್ನ ಮುಂದೆ ನಿಂತವನ ಮಚ್ಚೆಯನ್ನು ನನಗೂ ಹಚ್ಚಿ ಕಳಿಸಿದರು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ನಾನು ನಾನಲ್ಲ. ಮನುಷ್ಯನ ಗುರುತನ್ನು ಇಷ್ಟು ಉಡಾಫೆಯಿಂದ ಬರೆಯುವ ಈ ಲೋಕ ಕಬ್ಬಿಣದ ಗುರುತನ್ನು ಮಾತ್ರ ಬಹಳ ಶ್ರದ್ಧೆಯಿಂದ ಕೆತ್ತುತ್ತದೆ.

ಕ್ರೌನ್ ಗುರುತಿಸುವುದು ಹೇಗೆ ಅಂದರೆ, ಹೌಸಿಂಗಿನ ಮೇಲೆ ಎರಕದಲ್ಲಿ ಉಬ್ಬಿಬಂದ ದೊಡ್ಡ ಅಂಕಿ ಇರುತ್ತದೆ. ಹೊಸಬರು ಅದನ್ನೇ ಬರೆದುಕೊಂಡು ಬರುತ್ತಾರೆ, ಪಾಪ. ಅದು ಎರಕದ ಅಚ್ಚಿನ ನಂಬರು, ಸಾವಿರಾರು ಹೊಟ್ಟೆಗೆ ಅದೇ. ಬೋಲ್ಟಿನ ಕೆಳಗೆ ಸಿಗಿಸಿದ ಸಣ್ಣ ತಗಡಿನ ಚೀಟಿಯೊಂದು ಇರಬೇಕು, ಆದರೆ ಮೊದಲ ರಿಪೇರಿಯಲ್ಲೇ ಯಾರೋ ಅದನ್ನು ಕಳೆದಿರುತ್ತಾರೆ. ನನ್ನ ಕಣ್ಣಂದಾಜು ಏನೇ ಇರಲಿ, ಖಾತ್ರಿಗೆ ಕೊನೆಗೆ ಬಿಚ್ಚಿ ಒಳಗೇ ನೋಡಬೇಕು. ಕ್ರೌನಿನ ಬೆನ್ನಿಗೆ '6-41' ಅಂತಲೋ '6-37' ಅಂತಲೋ ಒತ್ತಿರುತ್ತಾರೆ. ಪಿನಿಯನ್ನಿಗೆ ಆರು ಹಲ್ಲು, ಕ್ರೌನಿಗೆ ನಲವತ್ತೊಂದು ಅಂತ ಅರ್ಥ. ಮೂವತ್ತೆರಡು ಹಲ್ಲಿದ್ದವರು ಆಡಿದ್ದು ನಿಜವಾಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ನಲವತ್ತೊಂದು ಹಲ್ಲಿದ್ದದ್ದು ಆಡಿದರೆ ಏನಾಗುತ್ತದೆ ಅಂತ ಅವರು ಹೇಳಿಲ್ಲ.

ಇನ್ನೊಂದು ನಂಬರು ಇರುತ್ತದೆ, ಅದು ಜೋಡಿ ನಂಬರು. ಕ್ರೌನನ್ನೂ ಪಿನಿಯನ್ನನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ನಂಬರು ಗೀಚಿ ಕಳಿಸುತ್ತಾರೆ. ಈ ನಂಬರಿನ ಕ್ರೌನಿಗೆ ಆ ನಂಬರಿನ ಪಿನಿಯನ್ ಹಾಕಿದಿರೋ, ಲಾರಿ ಊಳಿಡಲು ಶುರು ಮಾಡುತ್ತದೆ. ಒಂದು ಮುರಿದರೆ ಗಟ್ಟಿಯಾಗಿರುವ ಇನ್ನೊಂದನ್ನೂ ಗುಜರಿಗೆ ಹಾಕಬೇಕು. ಭಾಷಣ ಮಾಡುವವರು ಯಾರಾದರೂ ಇದ್ದರೆ ಈ ಜಾಗದಲ್ಲಿ ಗಂಡ ಹೆಂಡತಿ ಅಂತ ಶುರು ಮಾಡುತ್ತಿದ್ದರು. ನಾನು ಮಾಡುವುದಿಲ್ಲ, ನನಗೆ ಅದರ ಆಸೆ ಹೋಗಿದೆ.

ನಮ್ಮಪ್ಪನ ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ. ಎಡಗಾಲಿ ಅದರ ಪಾಡಿಗೆ, ಬಲಗಾಲಿ ಅದರ ಪಾಡಿಗೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎತ್ತು ಎಳೆಯುವುದು ನೊಗವನ್ನು, ಗಾಲಿಯನ್ನಲ್ಲ. ಹಾಗಾಗಿ ಗಾಲಿಗಳ ನಡುವೆ ಪಂಚಾಯಿತಿ ಬೇಕಾಗಿರಲಿಲ್ಲ. ಎಂಜಿನ್ನು ಬಂದು ಎರಡೂ ಗಾಲಿಗಳನ್ನು ಒಟ್ಟಿಗೆ ತಳ್ಳಲು ಶುರು ಮಾಡಿದ ಮೇಲೆ, ನೀನು ಸ್ವಲ್ಪ ನಿಧಾನ, ನೀನು ಸ್ವಲ್ಪ ಜೋರು ಅಂತ ಸಮಾಧಾನ ಮಾಡುವ ಹಿರಿಯನೊಬ್ಬ ನಡುವೆ ಕೂರಬೇಕಾಯಿತು. ನನ್ನ ಓದು ಪಿ.ಯು.ಸಿ., ಅದೂ ಅರ್ಧ. ಇದಕ್ಕಿಂತ ಹೆಚ್ಚು ಕೇಳಬೇಡಿ.

ಈಗ ನಿಮಗೆ ನಮ್ಮ ಸಂತೆಯ ಒಂದು ಗುಟ್ಟು ಹೇಳಬೇಕು. ಲಾರಿ ಕದ್ದವರು ಮೊದಲು ಮಾಡುವ ಕೆಲಸ ಗುರುತು ಅಳಿಸುವುದು. ನಂಬರ್ ಪ್ಲೇಟು ಹೊಳೆಗೆ. ಚಾಸಿಯ ನಂಬರಿಗೆ ಗ್ರೈಂಡರು. ಎಂಜಿನ್ ನಂಬರಿಗೂ ಅದೇ ಗತಿ. ಕ್ಯಾಬಿನ್ನಿನ ಬಾಗಿಲ ಮೇಲಿನ ಮಕ್ಕಳ ಹೆಸರು, ಮನೆದೇವರ ಹೆಸರು ಎಲ್ಲ ಗ್ಯಾಸ್ ಕಟ್ಟರಿಗೆ ಆಹುತಿ. ಆದರೆ ಕ್ರೌನಿನ ಮೇಲಿನ ನಂಬರನ್ನು ಮಾತ್ರ ಯಾವ ಕಳ್ಳನೂ ಮುಟ್ಟುವುದಿಲ್ಲ. ಯಾಕೆ ಹೇಳಿ? ಹಲ್ಲಿನ ಲೆಕ್ಕ, ಜೋಡಿ ನಂಬರು ಎರಡೂ ಸ್ಪಷ್ಟ ಕಾಣದಿದ್ದರೆ ಆ ಮಾಲನ್ನು ಯಾರೂ ಮುಟ್ಟುವುದಿಲ್ಲ, ಬರೀ ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಹಾಗಾಗಿ ಎಲ್ಲ ಗುರುತನ್ನೂ ಅಳಿಸುವ ಕಳ್ಳನೇ ಈ ಒಂದನ್ನು ಎಣ್ಣೆಬಟ್ಟೆಯಿಂದ ಒರೆಸಿ, ಗ್ರೀಸ್ ಹಚ್ಚಿ, ಜೋಪಾನವಾಗಿ ಇಡುತ್ತಾನೆ. ಪೊಲೀಸರೂ ಚಾಸಿ ನಂಬರು ಹುಡುಕುತ್ತಾರೆಯೇ ಹೊರತು ಲಾರಿಯ ಹೊಟ್ಟೆ ಸೀಳಿ ನೋಡುವವರಲ್ಲ.

ನನ್ನ ಅಕ್ಕ ಹಾಲಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಇದ್ದಾಳೆ. ರೊಟ್ಟಿ ಬಡಿದು ಮಾರುತ್ತಾಳೆ. ಅವಳ ಗಂಡ, ನನ್ನ ಭಾವ ಮಲ್ಲೇಶಪ್ಪ, ಮಾಯಕೊಂಡದ ಹೊಲ ತಮ್ಮಂದಿರಿಗೆ ಬಿಟ್ಟು, ಲಾರಿ ಮಾಡಿಕೊಂಡವನು. ಒಂದೇ ಲಾರಿ, ಒಬ್ಬನೇ ಡ್ರೈವರು, ಕ್ಲೀನರೂ ಅವನೇ. ಮಾತು ಕಡಿಮೆ. ಲಾರಿಯ ಜೊತೆ ಮಾತ್ರ ಒಂದಿಷ್ಟು ಮಾತಾಡುತ್ತಿದ್ದ. ಅಕ್ಕನಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರವರೆಲ್ಲ ಮಾತಾಡಿದರು, ಭಾವ ಒಂದು ದಿನವೂ ಮಾತಾಡಿದ್ದು ನಾನು ಕೇಳಿಲ್ಲ.

ಆರೇಳು ವರ್ಷದ ಹಿಂದೆ, ಮೆಕ್ಕೆಜೋಳದ ಸೀಸನ್ನಿನಲ್ಲಿ, ಅವನ ಲಾರಿಯ ಕ್ರೌನ್ ಹೋಯಿತು. ಆಗಿನ್ನೂ ನನ್ನಲ್ಲಿ ಹೊಸ ಸಾಮಾನು ಇರುತ್ತಿತ್ತು. ಭಾವ ಬಂದು ಡಬ್ಬಿ ಬಿಚ್ಚಿಸಿ, ಜೋಡಿ ನಂಬರಿನ ಅಂಕಿಗಳನ್ನು ಬೆರಳ ಮೇಲೆ ಕೂಡಿಸಿದ. ಲಾರಿಯ ನಂಬರ್ ಪ್ಲೇಟಿನ ಅಂಕಿ ಕೂಡಿಸಿ ನೋಡುವವರನ್ನು ಬೇಕಾದಷ್ಟು ಕಂಡಿದ್ದೆ. ಕ್ರೌನಿಗೆ ಜಾತಕ ನೋಡಿದವನು ಇವನೊಬ್ಬನೇ.

"ಎಂಟು ಬರ್ತದೆ. ಎಂಟು ಶನೀದು. ಬ್ಯಾಡ, ಇನ್ನೊಂದು ತೆಗಿ."

ಇನ್ನೊಂದು ತೆಗೆದೆ. ಹಣೆಬರಹ, ಅದೂ ಎಂಟೇ ಬಂತು.

"ಭಾವ, ಇದು ಎಣ್ಣೆಯೊಳಗೆ ಮುಳುಗಿರೋ ಸಾಮಾನು. ಶನಿ ಬಂದು ಹೌಸಿಂಗ್ ಬಿಚ್ಚಿ ನೋಡ್ತಾನೇನು?" ಅಂದೆ.

"ಅವನಿಗೆ ಸ್ಪ್ಯಾನರ್ ಬೇಕಾಗಲ್ಲೋ ರುದ್ರ," ಅಂದ.

ಮೂರನೆಯ ಡಬ್ಬಿಯಲ್ಲಿ 729 ಬಂತು. ಏಳು, ಎರಡು, ಒಂಬತ್ತು, ಕೂಡಿದರೆ ಹದಿನೆಂಟು, ಮತ್ತೆ ಕೂಡಿದರೆ ಒಂಬತ್ತು. ಭಾವನ ಮುಖ ಅರಳಿತು. ಹರಿಹರದಲ್ಲಿ ಬಾಷಾಸಾಬರ ಗ್ಯಾರೇಜಿಗೆ ಒಯ್ದು ಹಾಕಿಸಿದ. ಮಾರನೇ ದಿನ ಮೆಕ್ಕೆಜೋಳ ತುಂಬಿಕೊಂಡು ಸಾಂಗ್ಲಿ ಕಡೆಗೆ ಹೋದ. ಮೆಕ್ಕೆಜೋಳ ಸಾಂಗ್ಲಿ ಮುಟ್ಟಲಿಲ್ಲ. ಲಾರಿಯೂ ಇಲ್ಲ, ಭಾವನೂ ಇಲ್ಲ. ಫೋನು ಸ್ವಿಚ್ ಆಫ್. ಪೊಲೀಸರಿಗೆ ಕೊಟ್ಟ ದೂರು ಫೈಲಿನಲ್ಲೇ ಉಳಿಯಿತು.

ಮೊದಲ ಕೆಲವು ತಿಂಗಳು ಜನ ಪಾಪ ಅಂದರು. ಆಮೇಲೆ ಅವರಿಗೆ ಬೇಜಾರಾಗಿ ಕತೆ ಕಟ್ಟಲು ಶುರು ಮಾಡಿದರು. ಮಾಲು ಮಾರಿಕೊಂಡು, ಲಾರಿ ತಗೊಂಡು, ಯಾರನ್ನೋ ಕಟ್ಟಿಕೊಂಡು ಹೋಗಿದ್ದಾನೆ ಅಂದರು. ಮಕ್ಕಳಾಗದ ಹೆಂಡತಿಯನ್ನು ಎಷ್ಟು ದಿನ ಅಂತ ಸಾಕುತ್ತಾನೆ ಅಂತ ಭಾವನ ಮನೆಯವರೇ ಅಂದರು, ಅದೂ ಅಕ್ಕನ ಕಿವಿಗೆ ಬೀಳುವ ಹಾಗೆ. ಆಮೇಲೆ ವರ್ಷಕ್ಕೊಮ್ಮೆಯಾದರೂ ಭಾವ ಯಾರ ಕಣ್ಣಿಗಾದರೂ ಬೀಳತೊಡಗಿದ. ಒಬ್ಬನಿಗೆ ಕೊಲ್ಲಾಪುರದ ಢಾಬಾದಲ್ಲಿ, ಇನ್ನೊಬ್ಬನಿಗೆ ಪಂಢರಪುರದ ಬಸ್‌ಸ್ಟ್ಯಾಂಡಿನಲ್ಲಿ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ದಪ್ಪಗಾಗಿರುತ್ತಿದ್ದ. "ಹೌದಾ? ಹಂಗಾರೆ ಆಕಿ ಚಲೋ ಉಣ್ಣಾಕಿಡ್ತಾಳೆ," ಅನ್ನುತ್ತಿದ್ದಳು ಅಕ್ಕ, ಹಿಟ್ಟು ನಾದುತ್ತ.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನ ಮೇಲೇ ಅವಳು ಇಷ್ಟು ವರ್ಷ ನಡೆದಳು. ಬೆಳಗ್ಗೆ ಒಲೆ ಹಚ್ಚಿ ಮೊದಲ ರೊಟ್ಟಿ ಬಡಿಯಲು ಕೂತರೆ ಬೈಗುಳವೂ ಜೊತೆಗೇ ಶುರು. "ಅವನ ಮನೆ ಹಾಳಾಗ" ಅಂತ ಶುರು ಮಾಡಿ, ಅವನ ಮನೆ ಅಂದರೆ ತಾನು ಕೂತಿರುವ ಮನೆಯೇ ಅಂತ ನೆನಪಾಗಿ, "ಆಕಿ ಮನೆ ಹಾಳಾಗ" ಅಂತ ತಿದ್ದಿಕೊಳ್ಳುತ್ತಿದ್ದಳು. ರೊಟ್ಟಿಗೆ ಬರುವ ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ಬೈಯುವವಳ ಕೊರಳಲ್ಲಿ ತಾಳಿ ಇತ್ತು, ಹಣೆಯಲ್ಲಿ ಕುಂಕುಮ ಇತ್ತು. ಸತ್ತವನನ್ನು ಯಾರಾದರೂ ಹಾಗೆ ಬೈಯುತ್ತಾರೇನು?

ಮೊನ್ನೆ ಹರಿಹರದ ಗುಜರಿಯವನೊಬ್ಬ ಫೋನು ಮಾಡಿದ. ಲಾಟಿನಲ್ಲಿ ಒಂದಿಷ್ಟು ಹಳೇ ಲಾರಿ ಸಾಮಾನು ಬಂದಿದೆ, ನೋಡಿಕೊಂಡು ಹೋಗ್ರಿ ಅಂದ. ಹೋದೆ. ರಾಶಿಯ ಕೆಳಗೆ, ಟಾರ್ಪಾಲಿನಲ್ಲಿ ಸುತ್ತಿದ ಒಂದು ಡಿಫರೆನ್ಷಿಯಲ್ ಇತ್ತು. ಯಾರೋ ಬಹಳ ಜೋಪಾನ ಮಾಡಿದ್ದರು. ನನಗೆ ಖುಷಿಯೇ ಆಯಿತು, ಒಳ್ಳೆ ಮಾಲು ಅಂತ. ಅಭ್ಯಾಸದಂತೆ ಗ್ರೀಸ್ ಒರೆಸಿ ಓದಿದೆ. 6-41. ಪಕ್ಕದಲ್ಲಿ 729.

ಇರಲಿ, ಒಂದೇ ನಂಬರು ಇನ್ನೊಂದಕ್ಕೂ ಬರಬಹುದು ಅಂದುಕೊಂಡೆ. ಕೈ ಮಾತ್ರ ನಿಲ್ಲಲಿಲ್ಲ, ಬೇರಿಂಗ್ ಮೇಲಿನ ಕ್ಯಾಪುಗಳನ್ನು ಒರೆಸಿದೆ. ಈ ಕ್ಯಾಪು ಎಡಗಡೆಯದು ಬಲಕ್ಕೆ, ಬಲದ್ದು ಎಡಕ್ಕೆ ಆಗಬಾರದು. ಅದಕ್ಕೆ ಬಿಚ್ಚುವ ಮೊದಲು ಮೆಕ್ಯಾನಿಕ್ಕುಗಳು ಪಂಚಿನಿಂದ ಚುಕ್ಕೆ ಹೊಡೆದುಕೊಳ್ಳುತ್ತಾರೆ. ಎಲ್ಲರೂ ಎಡಕ್ಕೆ ಒಂದು, ಬಲಕ್ಕೆ ಎರಡು ಹೊಡೆಯುತ್ತಾರೆ. ಬಾಷಾಸಾಬರದು ಮಾತ್ರ ಬೇರೆ ರೂಢಿ, ಎಡಕ್ಕೆ ಒಲೆಯ ಗುಂಡುಗಳಂತೆ ಮೂರು, ಬಲಕ್ಕೆ ಒಂದು. ಒರೆಸಿದ ಜಾಗದಲ್ಲಿ ಮೂರು ಚುಕ್ಕೆ ಇದ್ದವು. ನಾನು ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಕೂತುಬಿಟ್ಟೆ.

ಬಾಷಾಸಾಬರನ್ನು ಕರೆಸಿದೆ. ಅವರು ಚುಕ್ಕೆ ನೋಡಿದರು. ಕನ್ನಡಕ ಹಾಕಿಕೊಂಡು ಹಲ್ಲುಗಳ ಮೇಲೆ ಬೆರಳಾಡಿಸಿದರು. ಹೊಸ ಕ್ರೌನಿನ ಹಲ್ಲಿಗೆ ಮಂಕಾದ ಕಪ್ಪು ಬಣ್ಣ ಇರುತ್ತದೆ. ಓಡಿದಂತೆಲ್ಲ ಅದು ಸವೆದು ಹಲ್ಲು ಕನ್ನಡಿಯಂತೆ ಹೊಳೆಯುತ್ತದೆ, ವರ್ಷಗಟ್ಟಲೆ ಓಡಿದರೆ ಅಂಚೂ ಸವೆಯುತ್ತದೆ. ಇಲ್ಲಿ ಕಪ್ಪು ಹಾಗೇ ಇತ್ತು. ನಡುವೆ ಮಾತ್ರ ಒಂದು ತೆಳು ಹೊಳಪು.

"ಒಂದು ಟ್ರಿಪ್ಪೂ ಪೂರಾ ಓಡಿಲ್ಲ ರುದ್ರಣ್ಣ," ಅಂದರು ಬಾಷಾಸಾಬ್.

ಆ ತೆಳು ಹೊಳಪಿನ ಮೇಲೆ ಬೆರಳಿಟ್ಟು ತೋರಿಸಿದರು.

"ಲಾರಿ ಗುಜರಿಗೆ ಕೊಡೋನು ಹೊಸಾ ಕ್ರೌನ್ ಯಾಕ ಹಾಕಿಸ್ತಾನೆ? ತಗೊಂಡು ಓಡಿಹೋದೋನು ಆದ್ರೆ ಅದನ್ನೇ ಓಡಿಸ್ಕಂಡು ಬದುಕಬೇಕಲ್ಲ? ಓಡಿಸಿದ್ರೆ ಇದು ಇಷ್ಟೊತ್ತಿಗೆ ಸವೆದು ಹೋಗಿರ್ತಿತ್ತು. ಆ ವಾರನೇ ಕತ್ತರಿಸ್ಯಾರೆ ಗಾಡೀನ." ಅವರು ಕನ್ನಡಕ ತೆಗೆದು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. "ಮಲ್ಲೇಶಣ್ಣ ಬದುಕಿದ್ರೆ ಕತ್ತರಿಸಾಕೆ ಬಿಡ್ತಿದ್ನಾ? ಯಾ ಅಲ್ಲಾ, ಏನೇನು ಅಂದ್ವಿ ನಾವು ಆ ಮನುಷ್ಯಗೆ."

ಪೊಲೀಸರಿಗೆ ತಿಳಿಸಿದೆ. ಬಂದರು, ಫೋಟೋ ತೆಗೆದರು, ಗುಜರಿಯವನನ್ನು ಕೇಳಿದರು. ಅವನು ಹುಬ್ಬಳ್ಳಿ ಕಡೆಯ ಇನ್ನೊಬ್ಬನ ಹೆಸರು ಹೇಳಿದ, ಆ ಇನ್ನೊಬ್ಬ ಸತ್ತುಹೋಗಿದ್ದಾನಂತೆ. ವಿಚಾರಣೆ ಮಾಡುತ್ತೇವೆ, ಸಾಮಾನು ನಿಮ್ಮಲ್ಲೇ ಹುಷಾರಾಗಿರಲಿ, ಮನೆಯವರಿಗೆ ನೀವೇ ಹೇಳಿಬಿಡಿ ಅಂದರು. ಹೇಳುವುದು ಎಷ್ಟು ಸಲೀಸು ನೋಡಿ.

ಏನಂತ ಹೇಳುವುದು? ಅಕ್ಕ, ಭಾವ ನಿನ್ನನ್ನು ಬಿಟ್ಟು ಹೋಗಿಲ್ಲ, ಸಂತೋಷಪಡು, ಅವನನ್ನು ಕೊಂದಿದ್ದಾರೆ ಅಂತಲೇ? ಊರವರ ಬಾಯಿ ಮುಚ್ಚಿಸುವ ಸಾಕ್ಷಿ ಸಿಕ್ಕಿತು, ನಿನಗೆ ಮಕ್ಕಳಾಗಲಿಲ್ಲ ಅಂತ ಅವನು ಎಲ್ಲಿಗೂ ಹೋಗಲಿಲ್ಲ, ಆದರೆ ಇನ್ನು ಬರುವುದೂ ಇಲ್ಲ ಅಂತಲೇ? ಕೊಲ್ಲಾಪುರದ ಢಾಬಾದಲ್ಲಿ ಕೂತು ಉಣ್ಣುತ್ತಿದ್ದ ಆ ದಪ್ಪ ಮನುಷ್ಯನನ್ನು ಅವಳ ಕಣ್ಣೆದುರೇ ನಾನು ಸಾಯಿಸಬೇಕಾಗಿತ್ತು. ಒಳ್ಳೆಯವನಾಗಿ ಸತ್ತ ಗಂಡ ಮೇಲೋ, ಕೆಟ್ಟವನಾಗಿ ಬದುಕಿರುವ ಗಂಡ ಮೇಲೋ? ಯಾವ ಹೆಂಗಸನ್ನೂ ಯಾರೂ ಕೇಳಬಾರದ ಪ್ರಶ್ನೆ ಇದು. ಹೆಂಡತಿಯ ಹತ್ತಿರ ಹೇಳಿಕೊಂಡೆ. "ನೀವು ಹೋಗಿ ಹೇಳಬ್ಯಾಡ್ರಿ, ಅವಳೇ ಬರ್ತಾಳೆ. ಇಂಥ ಸುದ್ದಿಗೆ ಕಾಲಿರ್ತವೆ," ಅಂದಳು.

ಅವಳ ಮಾತು ನಿಜವಾಯಿತು. ಒಂದು ಮಧ್ಯಾಹ್ನ ಆಟೋ ಬಂದು ಅಂಗಡಿ ಮುಂದೆ ನಿಂತಿತು. ಅಕ್ಕ ಇಳಿದಳು. ಮುಂಗೈಯಲ್ಲಿ ಜೋಳದ ಹಿಟ್ಟು ಇನ್ನೂ ಹಾಗೇ ಇತ್ತು, ಹಂಚಿನ ಮೇಲೆ ರೊಟ್ಟಿ ಬಿಟ್ಟು ಎದ್ದು ಬಂದಿದ್ದಳೋ ಏನೋ. ನೀರು ಕೊಟ್ಟೆ, ಮುಟ್ಟಲಿಲ್ಲ.

"ಎಲ್ಲೈತೆ?"

ಗೋಣಿಚೀಲ ಸರಿಸಿ ತೋರಿಸಿದೆ. ಅಕ್ಕ ನೆಲದ ಮೇಲೆ ಕೂತಳು. ಲಾರಿಯವನ ಮನೆಯಲ್ಲಿ ಬಾಳಿದವಳು, ಕ್ರೌನ್ ಅಂದರೇನು, ಹೊಸದು ಹೆಂಗಿರುತ್ತದೆ, ಹಳೇದು ಹೆಂಗಿರುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಂಬರಿನ ಮೇಲೆ ಬೆರಳಿಟ್ಟು, ತುಟಿಯಲ್ಲೇ ಕೂಡಿಸಿದಳು. "ಒಂಬತ್ತು," ಅಂದಳು. "ಒಂಬತ್ತು ಬಂತು ಅಂತ ಅವತ್ತು ಮನೀಗೆ ಬಂದು ಎಷ್ಟು ಸಲ ಹೇಳಿದ್ರು."

ನಿಜ ಹೇಳಬೇಕು ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಡೆ ನೋಡದೆ ಹೇಳಿದಳು:

"ಸವೆದೈತೆ ಅನ್ನು ರುದ್ರ."

ನೋಡಿ, ಈ ದಂಧೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಸವೆದ ಹಲ್ಲನ್ನು "ಹೊಸಾದಿದ್ದಂಗೈತೆ ಒಯ್ರಿ" ಅನ್ನುವುದು ನಮ್ಮ ಸಂತೆಯಲ್ಲಿ ನಮಸ್ಕಾರ ಇದ್ದ ಹಾಗೆ, ಯಾರೂ ತಪ್ಪು ತಿಳಿಯುವುದಿಲ್ಲ, ಯಾರೂ ನಂಬುವುದೂ ಇಲ್ಲ. ಹೊಸ ಹಲ್ಲನ್ನು ಸವೆದಿದೆ ಅನ್ನು ಅಂತ ಅವತ್ತಿನವರೆಗೆ ಯಾವ ಗಿರಾಕಿಯೂ ಕೇಳಿರಲಿಲ್ಲ.

"ಸವೆದೈತಕ್ಕ," ಅಂದೆ.

"ಬಾಳ ಓಡೈತಾ?"

"ಬಾಳ ಓಡೈತೆ. ವರ್ಷಗಟ್ಟಲೆ ಓಡೈತೆ."

ಕ್ರೌನು ನಮ್ಮಿಬ್ಬರ ನಡುವೆ ಬಿಸಿಲಿನಲ್ಲೇ ಇತ್ತು. ನಲವತ್ತೊಂದು ಹಲ್ಲೂ ಕಪ್ಪಗೆ, ಡಬ್ಬಿಯಿಂದ ಅವತ್ತೇ ತೆಗೆದಂತೆ. ಅಕ್ಕ ಒಂದೊಂದು ಹಲ್ಲನ್ನೂ ನೋಡುತ್ತ, ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗೋಣಿಚೀಲವನ್ನು ತಾನೇ ಎಳೆದು ಮುಚ್ಚಿದಳು.

"ಚಲೋ ಆತು," ಅಂದಳು. ಮೊಣಕಾಲ ಮೇಲೆ ಕೈಯೂರಿ ಎದ್ದಳು. ನಾನು ಕೈ ಕೊಡಲು ಹೋದರೆ ಬೇಡ ಅಂತ ತಲೆಯಾಡಿಸಿದಳು. ಆಟೋದವನು ಇನ್ನೂ ಕಾಯುತ್ತಿದ್ದ. ಹತ್ತುವ ಮೊದಲು ತಿರುಗಿ ನಿಂತು, ಸೆರಗನ್ನು ತಲೆಯ ಮೇಲೆಳೆದುಕೊಂಡು ಹೇಳಿದಳು:

"ಹೋದ ದಿನ ಗೊತ್ತಿಲ್ಲದೋರಿಗೆ ದಿವಸ ಯಾವತ್ತು ಮಾಡ್ತಾರೆ ಅಂತ ಐನೋರ್ನ ಕೇಳ್ಕಂಡು ಬಾ."